ಟಿಪಿಎಂ ಪಾಸ್‌ವರ್ಡ್ ಬದಲಾಯಿಸಿದ ಅನುಭವ ಯಾರಿಗಾದ್ರೂ ಇದೆಯಾ?

ತಿಪಟೂರಿನಿಂದ ಕೇಳ್ತಿದೀನಿ. ನಮ್ಮ ಕೊಬ್ಬರಿ ಮಂಡಿಯ ಲೆಕ್ಕ ಬರೀತಿದ್ದ ಹುಡುಗ ಕೆಲಸ ಬಿಟ್ಟ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ನೀಲಿ ಪರದೆ ಬಂದು ಪಿನ್ ಕೇಳುತ್ತೆ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಒಳಗೆ ಬೀಗದ ಕೀಗಳನ್ನ ಕಾಪಾಡೋ ಟಿಪಿಎಂ ಅನ್ನೋ ಚಿಪ್ಪಿದೆ, ಅದರ ಪಾಸ್‌ವರ್ಡ್ ಬದಲಾಯಿಸಿ ಅಂತಾರೆ. ಟ್ಯಾಲಿ ಡೇಟಾ ಮಾತ್ರ ಹೋಗಬಾರದು.

*

ಶಿರಾ ಗೇಟ್ ಹತ್ರ ಲ್ಯಾಪ್‌ಟಾಪ್ ರಿಪೇರಿ ಮಾಡ್ತೀನಿ ಸರ್. ನೀವು ಹೇಳ್ತಿರೋದು ಚಿಪ್ಪಿನ ಪಾಸ್‌ವರ್ಡ್ ಅಲ್ಲ, ಬಿಟ್‌ಲಾಕರ್ ಪಿನ್. ಬಿಟ್‌ಲಾಕರ್ ಅಂದ್ರೆ ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ. ಚಿಪ್ಪಿಗೆ ಓನರ್ ಪಾಸ್‌ವರ್ಡ್ ಅಂತ ಬೇರೆಯೇ ಇದೆ. ವಿಂಡೋಸ್ 10ರ 1607ನೇ ಆವೃತ್ತಿಯಿಂದೀಚೆಗೆ ವಿಂಡೋಸ್ ಅದನ್ನ ತಾನೇ ಇಟ್ಟು, ಆಮೇಲೆ ಬಿಸಾಕಿಬಿಡುತ್ತೆ. ನಿಮ್ಮ ಹುಡುಗನಿಗೂ ಅದು ಗೊತ್ತಿರಲ್ಲ, ಬಿಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ತೆಗೆದ್ರೆ ಪಿನ್ ಬದಲಿಸೋ ಆಯ್ಕೆ ಇದೆ, ಎರಡು ನಿಮಿಷದ ಕೆಲಸ. ಆದ್ರೆ ಅದಕ್ಕೆ ಮುಂಚೆ 48 ಅಂಕಿಯ ರಿಕವರಿ ಕೀ, ಅಂದ್ರೆ ಪಿನ್ ಕೆಲಸ ಮಾಡದಿದ್ರೆ ಬೀಗ ತೆಗೆಯೋ ಸಂಖ್ಯೆ, ಕಾಗದದ ಮೇಲೆ ಬರ್ಕೊಳ್ಳಿ. ಲ್ಯಾಪ್‌ಟಾಪ್ ಬ್ಯಾಗಲ್ಲಿ ಇಡಬೇಡಿ ಮತ್ತೆ!

*

ಶಿಡ್ಲಘಟ್ಟ. ನಾನು ಕೆಟ್ಟ ಕಥೆ ಹೇಳ್ತೀನಿ. ರೇಷ್ಮೆ ಗೂಡಿನ ಲೆಕ್ಕ ಇದ್ದ ಲ್ಯಾಪ್‌ಟಾಪ್‌ನ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಬರೋ ಸೆಟ್ಟಿಂಗ್ಸ್) ‘ಕ್ಲಿಯರ್ ಟಿಪಿಎಂ’ ಅಂತ ಇತ್ತು. ಹಳೇ ಪಾಸ್‌ವರ್ಡ್ ಅಳಿಸುತ್ತೆ ಅಂದ್ಕೊಂಡು ಒತ್ತಿದೆ. ಚಿಪ್ಪಿನೊಳಗಿನ ಕೀಗಳೇ ಹೋದ್ವು. ಮತ್ತೆ ಆನ್ ಮಾಡಿದ್ರೆ 48 ಅಂಕಿ ಕೇಳ್ತು. ನನ್ನ ಹತ್ರ ಒಂದಂಕಿಯೂ ಇರಲಿಲ್ಲ. ಎರಡು ವರ್ಷದ ಲೆಕ್ಕ ಫಾರ್ಮ್ಯಾಟ್ ಜೊತೆ ಹೋಯ್ತು. ಕ್ಲಿಯರ್ ಮಾಡಲೇಬೇಕಾದ್ರೆ ಮೊದಲು ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಅಂದ್ರೆ ಸ್ವಲ್ಪ ಹೊತ್ತು ನಿಲ್ಲಿಸಿ.

*

ಕೆಜಿಎಫ್‌ನಿಂದ. ಲಿನಕ್ಸ್‌ನವರು ಯಾರಾದ್ರೂ ಓದ್ತಿದ್ರೆ: ಟಿಪಿಎಂನ ಹಳೇ 1.2 ಆವೃತ್ತಿಯ ಚಿಪ್ಪಿನಲ್ಲಿ ಓನರ್ ಒಂದು, ಸ್ಟೋರೇಜ್ ರೂಟ್ ಕೀ ಇನ್ನೊಂದು, ಎರಡು ಪಾಸ್‌ವರ್ಡ್. ಹೊಸ 2.0ರಲ್ಲಿ ಓನರ್, ಎಂಡೋರ್ಸ್‌ಮೆಂಟ್, ಲಾಕ್‌ಔಟ್ ಅಂತ ಬೇರೆಬೇರೆ ಪಾಸ್‌ವರ್ಡ್. ಯಾವುದನ್ನ ಬದಲಿಸ್ತಿದ್ದೀರಿ ಅಂತ ನೋಡ್ಕೊಂಡು ಎಂಟರ್ ಒತ್ತಿ. ತಿಪಟೂರಿನವರೇ, ಪಿನ್ ತಪ್ಪುತಪ್ಪಾಗಿ ಒತ್ತಿ ನೋಡೋ ಆಟ ಬೇಡ. ಈಗಿನ ವಿಂಡೋಸ್ ಹೊಂದಿಸಿದ 2.0 ಚಿಪ್ಪು 32 ತಪ್ಪಿಗೆ ಮುಚ್ಕೊಳ್ಳುತ್ತೆ, ಹತ್ತು ನಿಮಿಷಕ್ಕೆ ಒಂದೊಂದೇ ತಪ್ಪು ಮರೆಯುತ್ತೆ.

*

ತಿಪಟೂರಿನವನೇ, ಮತ್ತೆ ಬಂದೆ. ಪಿನ್ ಬದಲಾಯ್ತು, ಡೇಟಾ ಹಾಗೇ ಇದೆ. ಆದ್ರೆ ಆ 48 ಅಂಕಿ ಹುಡುಗನ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿದೆಯಂತೆ, ಫೋನ್ ಮಾಡಿದ್ದಕ್ಕೆ ಅವನೇ ಹೇಳಿದ.

*

ಶಿರಾ ಗೇಟ್‌ನವನು: ಹಂಗಿದ್ರೆ ಪಿನ್ ಬದಲಿಸಿದ್ದು ಅರ್ಧ ಕೆಲಸ ಸರ್. ಲ್ಯಾಪ್‌ಟಾಪ್ ಕೈಗೆ ಸಿಕ್ರೆ ಆ ಅಂಕಿಯಿಂದಲೇ ತೆಗೀಬಹುದು. ಹಳೇ ರಿಕವರಿ ಕೀ ಅಳಿಸಿ ಹೊಸದು ಹುಟ್ಟಿಸಬೇಕು. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ‘ಮ್ಯಾನೇಜ್-ಬಿಡಿಇ’ (manage-bde) ಅನ್ನೋ ಬಿಟ್‌ಲಾಕರ್ ಕಮಾಂಡ್‌ನಲ್ಲಿ ಪ್ರೊಟೆಕ್ಟರ್ಸ್ (protectors) ಅನ್ನೋದು ನೋಡಿ. ಹುಡುಗನ ಮೇಲೆ ಅನುಮಾನ ಅಂತಲ್ಲ. ಹೊಸದನ್ನ ಬರ್ಕೊಂಡು ಬೀರುವಿನಲ್ಲಿಡಿ.

*

ಬರ್ಕೊಂಡೆ. ಮನೆಯವಳು ಚಿನ್ನದ ಡಬ್ಬಿ ಪಕ್ಕ ಇಟ್ಟಿದ್ದಾಳೆ.