ಬ್ರಹ್ಮಾಂಡದಾಗ ಹಿಡಿಸೋ ಮಾಹಿತಿಗೆ ಮಿತಿ ಐತಂತ, ಹಂಗಾದ್ರ ತಿಳ್ಕೊಳ್ಳೋದಕ್ಕೂ ಮಿತಿ ಐತೇನ್ರಿ?

ಕೊಪ್ಪಳದ ಓದುಗ:
ನಮಸ್ಕಾರ್ರಿ ಎಲ್ಲರಿಗೂ. ತಲ್ಯಾಗ ಒಂದ ವಿಷಯ ಕುಂತುಬಿಟ್ಟೈತಿ. ನಾವು ನೋಡಬಹುದಾದ ಬ್ರಹ್ಮಾಂಡದಾಗ ಹೆಚ್ಚಂದ್ರ 10ರ ಘಾತ 122 ಬಿಟ್ (ಒಂದು ಬಿಟ್ ಅಂದ್ರ ಹೌದು-ಅಲ್ಲ ಅನ್ನೋ ಒಂದು ಉತ್ತರದಷ್ಟು ಮಾಹಿತಿ) ಆಸುಪಾಸು ಹಿಡಿಸ್ತೈತಿ, ಅದಕ್ಕಿಂತ ಜಾಸ್ತಿ ಆಗಂಗಿಲ್ಲ ಅಂತ ಓದೀನಿ. ಸಂಖ್ಯೆ ದೊಡ್ಡದೈತಿ ಖರೆ, ಆದ್ರ ಅನಂತ ಅಲ್ಲಲ್ರಿ. ಸಣ್ಣವರಿದ್ದಾಗಿಂದ ವಚನ, ತತ್ವಪದದಾಗ ಬಯಲು, ಅನಂತ ಅಂತ ಕೇಳ್ಕೊಂತ ಬೆಳದೀವಿ, ಈಗ ಇದಕ್ಕೂ ಒಂದು ಲೆಕ್ಕ ಐತಿ ಅಂದ್ರ ಕಸಿವಿಸಿ ಆಗ್ತೈತಿ. ಈ ಮಿತಿ ಮಷಿನಿಂದೋ ಜಗತ್ತಿಂದೋ? ಜಗತ್ತಿಂದ ಆದ್ರ ಮನುಷ್ಯಾ ತಿಳ್ಕೊಳ್ಳೋದಕ್ಕೂ ಒಂದು ಕೊನಿ ಐತಿ ಅಂದಂಗಾತಲ್ಲ?

ಗಂಗಾವತಿ ಮಾಸ್ತರ:
ಜಗತ್ತಿಂದೇ ರೀ, ಹಾರ್ಡ್‌ಡಿಸ್ಕಿಂದಲ್ಲ. ಸಣ್ಣ ಜಾಗದಾಗ ಮಾಹಿತಿ ತುಂಬ್ಕೊಂತ ಹೋಗಬೇಕಂದ್ರ ಶಕ್ತಿನೂ ತುಂಬಬೇಕು, ಶಕ್ತಿ ಅಂದ್ರ ತೂಕ, ಅದು ಒಂದು ಮಟ್ಟ ದಾಟಿದ್ರ ಆ ಜಾಗ ಕುಸಿದು ಬ್ಲ್ಯಾಕ್ ಹೋಲ್ ಆಗಿಬಿಡ್ತೈತಿ, ಅಲ್ಲಿಗೆ ಮುಗೀತು. ಬ್ಲ್ಯಾಕ್ ಹೋಲಿಗೂ ಎಂಟ್ರೊಪಿ, ಅಂದ್ರ ಒಳಗ ಎಷ್ಟು ಮಾಹಿತಿ ಅಡಗೈತಿ ಅನ್ನೋದರ ಅಳತಿ, ಐತಿ, ಅದು ಅದರ ಮೇಲ್ಮೈ ವಿಸ್ತೀರ್ಣಕ್ಕ ತಕ್ಕಂಗ ಇರ್ತೈತಿ ಅಂತ ಭೌತವಿಜ್ಞಾನಿ ಬೆಕೆನ್‌ಸ್ಟೈನ್ 1972-73ರಾಗ ಹೇಳಿದ್ರು, 1974ರಾಗ ಹಾಕಿಂಗ್ ಅದು ವಿಕಿರಣ ಸೂಸ್ತೈತಿ ಅಂತ ತೋರಿಸಿದ ಮ್ಯಾಲೆ ಲೆಕ್ಕ ಗಟ್ಟಿ ಆತು. ನನಗ ಎದಿ ಝಲ್ ಅನ್ನಿಸೋದು ಈ ವಿಸ್ತೀರ್ಣದ ಮಾತು. ನಮ್ಮ ಗೋಡೌನ್‌ನ್ಯಾಗ ಎಷ್ಟು ಭತ್ತದ ಚೀಲ ಹಿಡಿಸ್ತಾವ ಅಂತ ಉದ್ದ ಅಗಲ ಎತ್ತರ ಮೂರೂ ಗುಣಿಸಿ ಹೇಳ್ತೀವಿ, ಇಲ್ಲಿ ಹಂಗಲ್ಲ, ಹೊರಗಿನ ಗ್ವಾಡಿ ಎಷ್ಟು ಚದರ ಐತಿ ಅಷ್ಟೇ ಲೆಕ್ಕ. ಒಂದು ಚದರ ಮೀಟರಿಗೆ ಸುಮಾರು 10ರ ಘಾತ 69 ಬಿಟ್. ನೀವು ಹೇಳಿದ 122 ಬಂದಿದ್ದೂ ಬ್ರಹ್ಮಾಂಡದ ದಿಗಂತದ, ಅಂದ್ರ ಅದರಾಚೆಯ ಸುದ್ದಿ ನಮಗ ಮುಟ್ಟದ ಗಡಿಯ, ವಿಸ್ತೀರ್ಣದಿಂದ. ಈಗ ಅದರಾಗ ತುಂಬಿರೋದು ಭಾಳ ಕಡಿಮಿ, ಬ್ಲ್ಯಾಕ್ ಹೋಲ್ ಬಿಟ್ಟು ಬೆಳಕು ವಸ್ತು ಎಲ್ಲಾ ಸೇರಿ 10ರ ಘಾತ 90ರ ಆಸುಪಾಸು.

ಸಿಂಧನೂರಿನಾಕಿ:
ಲೆಕ್ಕ ಒಪ್ಪಿದೆ ಸರ್, ಆದ್ರ ಅವರು ಕೇಳಿದ್ದಕ್ಕ ಇದು ಉತ್ತರ ಅಲ್ಲ. ಬಿಟ್ ಎಣಿಸೋದು ಹೌದೋ ಅಲ್ಲೋ ಅನ್ನೋ ಫರಕ್ ಅಷ್ಟೇ. ಗಣಿತಜ್ಞ ಶಾನನ್ 1948ರಾಗ ಮಾಹಿತಿ ಸಿದ್ಧಾಂತ ಕಟ್ಟೋವಾಗೇ ಅರ್ಥದ ಗೊಡವಿ ಬದಿಗಿಟ್ಟಿದ್ರು. ಮಸ್ಕಿಗೆ ಹೋಗಿ ಅಶೋಕನ ಶಾಸನ ನೋಡ್ರಿ. ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ, ಕೆತ್ತಿ ಎರಡು ಸಾವಿರ ವರ್ಷದ ಮ್ಯಾಲಾತು. ನೂರಾರು ವರ್ಷ ಆ ಲಿಪಿ ಓದೋರೇ ಇರಲಿಲ್ಲ. 1837ರಾಗ ಇಂಗ್ಲಿಷ್ ವಿದ್ವಾಂಸ ಪ್ರಿನ್ಸೆಪ್ ಬ್ರಾಹ್ಮಿ ಓದೋದು ಬಿಡಿಸಿದ್ರು, 1915ರಾಗ ಮಸ್ಕಿ ಶಾಸನ ಬೆಳಕಿಗೆ ಬಂತು, ಅದರಾಗ ದೇವಾನಂಪ್ರಿಯ ಅನ್ನೋ ಬಿರುದಿನ ಜೋಡಿ ಅಶೋಕ ಅನ್ನೋ ಹೆಸರೇ ಇತ್ತು, ಅಲ್ಲಿವರೆಗೂ ಸಿಕ್ಕ ಶಾಸನದಾಗ ಬರೇ ಬಿರುದು. ಕಲ್ಲಿನ ಮ್ಯಾಲೆ ಒಂದು ಗೆರಿ ಹೆಚ್ಚಾಗಲಿಲ್ಲ, ಆದ್ರ ದೇಶದ ತುಂಬ ಇರೋ ಆ ಶಾಸನ ಯಾರವು ಅನ್ನೋದು ಖಚಿತ ಆತು. ಇದನ್ನ ಯಾವ ಚದರ ಮೀಟರಿನಾಗ ಹಿಡೀತೀರಿ?

ಬಳ್ಳಾರಿ ಹುಡುಗ:
ಅಕ್ಕಾ, ಮಸ್ಕಿ ಉದಾಹರಣೆ ತುಂಬಾ ಚೆನ್ನಾಗೈತೆ, ಆದ್ರೆ ಓದೋಕೂ ಒಂದು ಮೆದುಳು ಬೇಕಲ್ವಾ, ಆ ಮೆದುಳು ಇದೇ ಬ್ರಹ್ಮಾಂಡದೊಳಗೆ ಇರೋದು, ಓದಿದ ಮೇಲೆ ಅದರಲ್ಲಿ ಏನು ಬದಲಾಯ್ತೋ ಅದೂ ಬಿಟ್ಟೇ. ಅರ್ಥ ಲೆಕ್ಕದಿಂದ ಪೂರ್ತಿ ತಪ್ಪಿಸ್ಕೊಳ್ಳಲ್ಲ. ನನಗೆ ಮಿತಿ ಕಾಣೋದು ಬೇರೆ ಕಡೆ. ಇಡೀ ಬ್ರಹ್ಮಾಂಡದ ಪೂರ್ತಿ ವಿವರ ಬರೆದಿಡೋಕೆ ಬ್ರಹ್ಮಾಂಡದಷ್ಟೇ ಜಾಗ ಬೇಕು, ಬರೆಯೋನು ಅದರೊಳಗೇ ಒಂದು ಮೂಲೇಲಿದ್ದಾನೆ. ಒಳಗಿರೋರಿಗೆ ಪೂರ್ತಿ ತಿಳಿಯೋದು ಆಗದ ಮಾತು, ಘಾತ 122 ಇರಲಿ 1000 ಇರಲಿ. ನಮಗೆ ಸಿಗೋದು ಯಾವಾಗ್ಲೂ ಸಂಕ್ಷೇಪ, ಮತ್ತೆ ಅದೇನು ಸಣ್ಣದಲ್ಲ, ನ್ಯೂಟನ್ನರ ಗುರುತ್ವದ ಸೂತ್ರ ಒಂದೇ ಸಾಲು, ಅದರಲ್ಲಿ ಎಷ್ಟು ಗ್ರಹ ಎಷ್ಟು ಧೂಮಕೇತುವಿನ ದಾರಿ ಐತೆ ನೋಡಿ. ಕೊಪ್ಪಳದ ಅಣ್ಣಾ, ನಿಮ್ಮ ಅನಂತಕ್ಕೇನೂ ಧಕ್ಕೆ ಇಲ್ಲ. ಬ್ರಹ್ಮಾಂಡದ ವಿಸ್ತರಣೆ ವೇಗ ಹೆಚ್ಚುತ್ತಾ ಐತೆ ಅಂತ 1998ರಲ್ಲಿ ಗೊತ್ತಾಯ್ತು, ಅದಕ್ಕೇ ನಮಗೊಂದು ದಿಗಂತ, ಅದರಾಚೆ ಏನೂ ಇಲ್ಲ ಅಂತ ಯಾರೂ ಹೇಳಿಲ್ಲ.

ಕೊಪ್ಪಳದ ಓದುಗ:
ಭಾಳ ಚಲೋ ಹೇಳಿದ್ರಿ ಎಲ್ಲಾರೂ. ಮಿತಿ ದಿಗಂತದ್ದು ಅಂತ ಈಗ ತಿಳೀತು. ಆದ್ರ ಬಳ್ಳಾರಿ ತಮ್ಮಾ, ಸಂಕ್ಷೇಪ ಮಾಡಬೇಕಂದ್ರ ಏನರ ಬಿಡಬೇಕಲ್ಲ, ಯಾವುದು ಇಟ್ಕೊಬೇಕು ಯಾವುದು ಬಿಡಬೇಕು ಅನ್ನೋದು ಜಗತ್ತಿನಾಗೇ ಇರ್ತೈತೋ ಇಲ್ಲಾ ನಮ್ಮ ಬೇಕು ಬ್ಯಾಡದ ಮ್ಯಾಲೆ ನಿಂತೈತೋ? ಅಕ್ಕಾರೂ ಇದಕ್ಕ ಹೇಳ್ರಿ.