ಅಮ್ಮನ ಅಂಚೆ ಮತದ ಕವರ್ ಬೇರೆಯವರು ಒಯ್ದಿದ್ದಾರೆ, ಏನು ಮಾಡಲಿ?

ಪ್ರಶ್ನೆ:
ವಕೀಲ ಮೇಡಂಗೆ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು, ಈಗ ಕನೆಕ್ಟಿಕಟ್‌ನಲ್ಲಿದ್ದೇವೆ. ಅಮ್ಮನಿಗೆ 78. ಎರಡು ವರ್ಷದ ಹಿಂದೆ ಇಲ್ಲಿಯ ಪೌರತ್ವ ಸಿಕ್ಕಿತು. ವಯಸ್ಸು 55 ದಾಟಿ, ಗ್ರೀನ್ ಕಾರ್ಡ್ ಬಂದು 15 ವರ್ಷ ಆದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲವಲ್ಲ, ಹಾಗಾಗಿ ದುಭಾಷಿ ಇಟ್ಟುಕೊಂಡು ಕನ್ನಡದಲ್ಲೇ ಸಂದರ್ಶನ ಮುಗಿಸಿದರು. ಇಂಗ್ಲಿಷ್ ಓದಲು ಬರುವುದಿಲ್ಲ. ಮಂಡಿ ಆಪರೇಷನ್ ಆಗಿದೆ, ಹಿರಿಯರ ಅಪಾರ್ಟ್‌ಮೆಂಟಿನಲ್ಲಿ ಇರುತ್ತಾರೆ. ನಾನು ವಾರಕ್ಕೊಮ್ಮೆ ಹೋಗಿಬರುತ್ತೇನೆ.

ಕಳೆದ ತಿಂಗಳು ಒಬ್ಬ ಹೆಂಗಸು ಮನೆಮನೆಗೆ ಬಂದು, ಮತಗಟ್ಟೆಗೆ ಹೋಗದೆ ಮನೆಯಿಂದಲೇ ಮತ ಹಾಕುವ ಆಬ್ಸೆಂಟೀ ಬ್ಯಾಲೆಟ್‌ನ ಅರ್ಜಿ ತುಂಬಿಸಿಕೊಂಡು ಹೋಗಿದ್ದಾರೆ. ಬ್ಯಾಲೆಟ್ ಅಂಚೆಯಲ್ಲಿ ಬಂದ ಮೂರನೇ ದಿನಕ್ಕೆ ಅವರೇ ಮತ್ತೆ ಹಾಜರ್. ಪಕ್ಕದಲ್ಲಿ ಕೂತು, ಯಾವ ಗೋಲ ತುಂಬಬೇಕು ಅಂತ ಬೆರಳಿಟ್ಟು ತೋರಿಸಿ, ಕವರ್ ಮೇಲೆ ಸಹಿ ಹಾಕಿಸಿ, "ನಾನೇ ಹಾಕಿಬಿಡ್ತೀನಿ" ಅಂತ ಸನ್ನೆ ಮಾಡಿ ಬ್ಯಾಗಿಗೆ ಹಾಕಿಕೊಂಡಿದ್ದಾರೆ. ಅಮ್ಮ ಕಾಫಿ ಕೊಟ್ಟಿದ್ದಾರೆ, ಚಕ್ಕುಲಿ ಕೊಟ್ಟಿದ್ದಾರೆ, ಕೊನೆಗೆ ವೋಟನ್ನೂ ಕೊಟ್ಟಿದ್ದಾರೆ. ನನಗೆ ಗೊತ್ತಾಗಿದ್ದು ನಿನ್ನೆ. ಚುನಾವಣೆ ಬರುವ ಮಂಗಳವಾರ. ಅಮ್ಮನ ಮೇಲೆ ಕೇಸ್ ಆಗುತ್ತಾ? ಆ ವೋಟಿನ ಗತಿ ಏನು?

ಉತ್ತರ (ವಕೀಲೆ):
ಮೊದಲು ಅಮ್ಮನಿಗೆ ಹೇಳಿ, ಹೆದರಬೇಡಿ ಅಂತ. ಮತಗಟ್ಟೆಗೆ ಬರಲಾಗದ ಕಾರಣದ ಬಗ್ಗೆ ಅರ್ಜಿಯಲ್ಲಿ ಸುಳ್ಳು ಬರೆದಿಲ್ಲ, ಮಂಡಿ ನೋವು ನಿಜವಾದದ್ದೇ. ಇಂಥ ಪ್ರಕರಣಗಳಲ್ಲಿ ತನಿಖೆಯವರು ಬೆನ್ನು ಹತ್ತುವುದು ಕವರ್ ಒಯ್ದವರನ್ನು. ಕೊಟ್ಟ ಮುದುಕಿ ಅವರಿಗೆ ಸಾಕ್ಷಿ.

ಈಗ ಆ ಹೆಂಗಸಿನ ವಿಷಯ. ಅರ್ಜಿ ಹಂಚುವುದು ತಪ್ಪಲ್ಲ. ಐದು ಅಥವಾ ಹೆಚ್ಚು ಜನಕ್ಕೆ ಹಂಚುವುದಾದರೆ ಟೌನ್ ಕ್ಲರ್ಕ್ (ಊರಿನ ಚುನಾವಣಾ ಕಾಗದಪತ್ರ ನೋಡುವ ಅಧಿಕಾರಿ) ಬಳಿ ಹೆಸರು ನೋಂದಾಯಿಸಬೇಕು, ತುಂಬಲು ಸಹಾಯ ಮಾಡಿದರೆ ಅರ್ಜಿಯ ಮೇಲೆ ತನ್ನ ಹೆಸರು, ವಿಳಾಸ ಬರೆದು ಸಹಿ ಹಾಕಬೇಕು. ಅದನ್ನು ಮಾಡಿದ್ದರೆ ಅಲ್ಲಿಯವರೆಗೆ ಸರಿ. ತಪ್ಪು ಶುರುವಾಗುವುದು ಎರಡನೇ ಭೇಟಿಯಲ್ಲಿ. ಅಭ್ಯರ್ಥಿಯಾಗಲಿ, ಪಕ್ಷದವರಾಗಲಿ, ಅವರ ಏಜೆಂಟರಾಗಲಿ ಮತದಾರ ಬ್ಯಾಲೆಟ್ ತುಂಬುವಾಗ ಅಲ್ಲಿ ಇರುವಂತೆಯೇ ಇಲ್ಲ. ತುಂಬಿದ ಕವರನ್ನು ಒಯ್ಯುವ ಹಕ್ಕಂತೂ ಅವರಿಗೆ ಇಲ್ಲವೇ ಇಲ್ಲ. ಮತದಾರರೇ ಅಂಚೆಗೆ ಅಥವಾ ಡ್ರಾಪ್ ಬಾಕ್ಸಿಗೆ (ಈ ಕವರ್‌ಗಳಿಗೆಂದೇ ಇಟ್ಟ ಸರ್ಕಾರಿ ಡಬ್ಬಿ) ಹಾಕಬೇಕು, ಇಲ್ಲವಾದರೆ ಹತ್ತಿರದ ಕುಟುಂಬದವರು. ಕಾಯಿಲೆಯವರಾದರೆ ಆರೈಕೆ ಮಾಡುವವರಂಥ ಕೆಲವರಿಗೆ ಕಾನೂನು ಅವಕಾಶ ಕೊಟ್ಟಿದೆ. ಪ್ರಚಾರಕ್ಕೆ ಬಂದವರು ಈ ಪಟ್ಟಿಯಲ್ಲಿಲ್ಲ, ಎಷ್ಟೇ ಒಳ್ಳೆಯವರಾದರೂ.

ನಮ್ಮ ಕಕ್ಷಿದಾರರಿಗೆ ನಾನು ಹೇಳುವುದು ಇಷ್ಟು: ಎಣಿಕೆ ಮೇಜಿನ ಮೇಲೆ ಹತ್ತು ಜನರ ಕಣ್ಣು ಇರುತ್ತದೆ. ಬಾಗಿಲಿನಿಂದ ಡಬ್ಬಿಯವರೆಗಿನ ದಾರಿಯಲ್ಲಿ ಯಾರ ಕಣ್ಣೂ ಇರುವುದಿಲ್ಲ. ಕಳ್ಳ ಕೂರುವುದು ಅಲ್ಲೇ.

ಪ್ರಶ್ನೆ:
ಒಂದು ಸಣ್ಣ ಊರಿನ ಕೌನ್ಸಿಲ್ ಸೀಟಿಗೆ ಇಷ್ಟೆಲ್ಲ ಮಾಡ್ತಾರಾ ಮೇಡಂ? ನಾನೇ ಸುಮ್ಮನೆ ದೊಡ್ಡದು ಮಾಡ್ತಿದ್ದೀನಾ ಅನಿಸುತ್ತೆ.

ಉತ್ತರ (ವಕೀಲೆ):
ಸಣ್ಣ ಚುನಾವಣೆಯಲ್ಲೇ ಮಾಡುವುದು. ಮತ ಹಾಕುವವರೇ ಕಡಿಮೆ, ಅಂತರವೂ ಕಡಿಮೆ. ನೂರಿನ್ನೂರು ಕವರ್ ಕೈಗೆ ಬಂದರೆ ಕುರ್ಚಿ ಬಂದಂತೆ.

ನಿಮ್ಮದೇ ರಾಜ್ಯದ ಬ್ರಿಡ್ಜ್‌ಪೋರ್ಟ್ ನೋಡಿ. 2023ರ ಸೆಪ್ಟೆಂಬರ್ 12ರಂದು ಮೇಯರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಮತದಾನ. ಹಾಲಿ ಮೇಯರ್ ಜೋ ಗ್ಯಾನಿಮ್, ಎದುರಾಳಿ ಜಾನ್ ಗೋಮ್ಸ್. ಮತಗಟ್ಟೆಗೆ ಬಂದು ಹಾಕಿದ ಮತಗಳಲ್ಲಿ ಗೋಮ್ಸ್ ಮುಂದಿದ್ದರು. ಅಂಚೆ ಮತ ಸೇರಿದ ಮೇಲೆ ಗ್ಯಾನಿಮ್ 251 ಮತಗಳಿಂದ ಗೆದ್ದರು. ಕೆಲವೇ ದಿನಗಳಲ್ಲಿ ಸರ್ಕಾರಿ ಕಟ್ಟಡದ ಹೊರಗಿನ ಡ್ರಾಪ್ ಬಾಕ್ಸಿನ ಕ್ಯಾಮೆರಾ ದೃಶ್ಯ ಹೊರಬಿತ್ತು: ಗ್ಯಾನಿಮ್ ಬೆಂಬಲಿಗರು ಕಾಗದದ ಕಟ್ಟು ತಂದು ಡಬ್ಬಿಗೆ ತುರುಕುತ್ತಿರುವುದು. ಅವರಲ್ಲಿ ಒಬ್ಬರು ನಗರಸಭೆಯ ನೌಕರರು, ಪಕ್ಷದ ಸ್ಥಳೀಯ ಸಮಿತಿಯ ಉಪಾಧ್ಯಕ್ಷೆ. ಕೋರ್ಟಿನಲ್ಲಿ ಪ್ರಶ್ನೆ ಕೇಳಿದಾಗ ಮೌನದ ಹಕ್ಕು ಬಳಸಿ ಬಾಯಿ ಬಿಡಲಿಲ್ಲ.

ನವೆಂಬರ್ 1ರಂದು ನ್ಯಾಯಾಧೀಶ ವಿಲಿಯಂ ಕ್ಲಾರ್ಕ್ ಪ್ರೈಮರಿಯನ್ನೇ ರದ್ದು ಮಾಡಿ ಮತ್ತೆ ನಡೆಸಲು ಆದೇಶಿಸಿದರು. ಮುಂದಿನ ತಮಾಷೆ ಕೇಳಿ. ಅಷ್ಟು ಹೊತ್ತಿಗೆ ಮುಖ್ಯ ಚುನಾವಣೆ ವಾರದೊಳಗೆ ಬಂದಿತ್ತು, ಅದೂ ನಡೆದುಹೋಯಿತು, ಗ್ಯಾನಿಮ್ ಗೆದ್ದರು, ಆ ಗೆಲುವು ಲೆಕ್ಕಕ್ಕೆ ಬರಲಿಲ್ಲ. 2024ರ ಜನವರಿ 23ರಂದು ಮತ್ತೆ ಪ್ರೈಮರಿ, ಫೆಬ್ರವರಿ 27ರಂದು ಮತ್ತೆ ಚುನಾವಣೆ. ಎರಡರಲ್ಲೂ ಗೆದ್ದದ್ದು ಅದೇ ಗ್ಯಾನಿಮ್. ಈ ಮನುಷ್ಯ ಹಿಂದೆ ಮೇಯರ್ ಆಗಿದ್ದಾಗಲೇ ಲಂಚದ ಪ್ರಕರಣದಲ್ಲಿ 2003ರಲ್ಲಿ ಶಿಕ್ಷೆಯಾಗಿ, ಏಳು ವರ್ಷ ಜೈಲಿನಲ್ಲಿದ್ದು, 2015ರಲ್ಲಿ ಮತ್ತೆ ಆರಿಸಿ ಬಂದವರು. ನಮ್ಮ ಊರಿನ ರಾಜಕಾರಣವನ್ನಷ್ಟೇ ಬೈಯುವವರಿಗೆ ಇದನ್ನು ನಾನು ತಪ್ಪದೆ ಹೇಳುತ್ತೇನೆ.

2024ರ ಜೂನ್‌ನಲ್ಲಿ ಅದೇ ಊರಿನ ನಾಲ್ವರ ಮೇಲೆ ಅಂಚೆ ಮತದ ಅಕ್ರಮದ ಆರೋಪ ಹೊರಿಸಿದರು. ಯಾವ ಚುನಾವಣೆಯದು ಗೊತ್ತೇ? 2019ರದು. ಐದು ವರ್ಷ ಹಿಡಿಯಿತು. ನೀವು "ಆಮೇಲೆ ನೋಡೋಣ" ಅನ್ನಬಾರದು ಅನ್ನುವುದಕ್ಕೆ ಇದೇ ಕಾರಣ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಮೇಡಂ, ಮೋಸದ ಮತ ಯಾವುದು, ಸರಿಯಾದದ್ದು ಯಾವುದು ಅಂತ ಕೋರ್ಟ್ ಹೇಗೆ ಬೇರ್ಪಡಿಸುತ್ತೆ? ಕವರಿಂದ ತೆಗೆದ ಮೇಲೆ ಎಲ್ಲ ಒಂದೇ ಅಲ್ವಾ?

ಉತ್ತರ (ವಕೀಲೆ):
ಒಳ್ಳೆಯ ಪ್ರಶ್ನೆ. ಬೇರ್ಪಡಿಸಲು ಆಗುವುದಿಲ್ಲ. ಹಾಲಿಗೆ ನೀರು ಬೆರೆಸಿದ ಮೇಲೆ ನೀರನ್ನಷ್ಟೇ ಬಸಿಯಲು ಬರುತ್ತದೆಯೇ? ಹಾಗಾಗಿ ಕೋರ್ಟುಗಳ ಮುಂದೆ ಎರಡೇ ದಾರಿ. ಬ್ರಿಡ್ಜ್‌ಪೋರ್ಟಿನಂತೆ ಮತ್ತೆ ಮತದಾನ ಮಾಡಿಸುವುದು ಒಂದು. ಇನ್ನೊಂದು ಮಯಾಮಿಯದು. ಅಲ್ಲಿ 1997ರ ಮೇಯರ್ ಚುನಾವಣೆಯಲ್ಲಿ ಸತ್ತವರ ಹೆಸರಿನಲ್ಲೂ ಮತ ಬಿದ್ದಿತ್ತು. ಕೆಳಗಿನ ಕೋರ್ಟ್ ಮರುಚುನಾವಣೆ ಅಂದಿತು. 1998ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಬದಿಗಿಟ್ಟು, ಅಂಚೆ ಮತಗಳನ್ನೆಲ್ಲ ಕಸಕ್ಕೆ ಹಾಕಿ, ಮತಗಟ್ಟೆಯ ಮತಗಳ ಲೆಕ್ಕದಲ್ಲೇ ಹವಿಯರ್ ಸುವಾರೆಸ್ ಬದಲು ಜೋ ಕರೋಲೋ ಅವರನ್ನು ಮೇಯರ್ ಮಾಡಿತು. ನನಗೆ ಆ ತೀರ್ಪು ಪೂರ್ತಿ ಒಪ್ಪಿಗೆಯಿಲ್ಲ. ನಿಯತ್ತಾಗಿ ಅಂಚೆಯಲ್ಲಿ ಮತ ಹಾಕಿದ ಮುದುಕರ ಮತವೂ ಅದರಲ್ಲೇ ಹೋಯಿತು.

ಪ್ರಶ್ನೆ (ಊರಿನಿಂದ ಒಬ್ಬರು):
ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ಕವರ್ ತಾಪತ್ರಯವೇ ಇಲ್ಲ ಬಿಡಿ. ಬೆಂಗಳೂರಿಗೆ ದುಡಿಯಲು ಹೋದವರ ವೋಟನ್ನ ಇಲ್ಲೇ ಇರುವವರು ನೇರವಾಗಿ ಹಾಕಿಬಿಡ್ತಾರೆ! ಕಳೆದ ಸಲ ನಾನು ಬಸ್ಸಿಳಿದು ಬೂತಿಗೆ ಹೋದರೆ "ನಿಮ್ದು ಆಗೋಗಿದೆ" ಅಂದರು. ವಾಪಸ್ ಬಂದೆ.

ಉತ್ತರ (ನಿವೃತ್ತ ತಹಶೀಲ್ದಾರ್, ಗುಂಪಿನ ಸದಸ್ಯರು):
ವಾಪಸ್ ಬರಬಾರದಿತ್ತು ತಮ್ಮಾ. ನಿನ್ನ ಹೆಸರಲ್ಲಿ ಬೇರೆಯವರು ಹಾಕಿದ್ದರೆ ಗುರುತಿನ ಚೀಟಿ ತೋರಿಸಿ ಟೆಂಡರ್ ಮತ ಕೇಳಬೇಕು. ಬೇರೆ ಮತಪತ್ರ ಕೊಡುತ್ತಾರೆ, ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತಾರೆ. ಎಣಿಕೆಗೆ ಸೇರುವುದಿಲ್ಲ ನಿಜ, ಆದರೆ ಸೋತವರು ಕೋರ್ಟಿಗೆ ಹೋದರೆ ಅದೇ ದಾಖಲೆ. ನಾನು ಬೂತಿಗೆ ಹೋಗುವಾಗ ಗೈರುಹಾಜರು, ಸ್ಥಳಾಂತರ, ಮೃತ ಮತದಾರರ ಪಟ್ಟಿಯನ್ನೇ ಮೊದಲು ಕೇಳುತ್ತಿದ್ದೆ. ಕಳ್ಳಮತ ಬೀಳುವುದು ಆ ಪಟ್ಟಿಯ ಹೆಸರುಗಳಿಗೇ. ಏಜೆಂಟರು ಒಂದೇ ಊರಿನವರು, ಯಾರು ಯಾರ ಹೆಸರಲ್ಲಿ ಬಂದಿದ್ದಾನೆ ಅಂತ ಅವರಿಗೆ ಗೊತ್ತು. ಎರಡೂ ಕಡೆಯವರು ಹೊಂದಾಣಿಕೆ ಮಾಡಿಕೊಂಡು ಸುಮ್ಮನಿದ್ದರೆ ಆಕ್ಷೇಪಣೆ ಎತ್ತುವವರು ಯಾರು?

ಪ್ರಶ್ನೆ (ಮೊದಲಿನವರು):
ಮತ್ತೆ ನನ್ನ ವಿಷಯ ಮೇಡಂ. ಅಮ್ಮ ದೂರು ಕೊಡಬೇಡ ಅಂತ ಹಠ ಹಿಡಿದಿದ್ದಾರೆ. "ಪಾಪ, ಆ ಹುಡುಗಿ ಹೊಟ್ಟೆಪಾಡಿಗೆ ತಿರುಗ್ತಿದ್ದಾಳೆ" ಅಂತಾರೆ. ಯಾರಿಗೆ ಗೋಲ ತುಂಬಿದ್ದು ಅಂತ ಕೇಳಿದರೆ "ಅವಳು ತೋರಿಸಿದವರಿಗೆ" ಅಷ್ಟೇ.

ಉತ್ತರ (ವಕೀಲೆ):
ದೂರಿನ ಯೋಚನೆ ನಾಳೆಗಿರಲಿ. ಇವತ್ತೇ ಟೌನ್ ಕ್ಲರ್ಕ್ ಕಚೇರಿಗೆ ಫೋನ್ ಮಾಡಿ ಎರಡು ಕೇಳಿ: ಅಮ್ಮನ ಕವರ್ ತಲುಪಿದೆಯೇ? ಅರ್ಜಿಯ ಮೇಲೆ ಸಹಾಯಕರ ಸಹಿ ಇದೆಯೇ? ತಲುಪಿದ್ದರೆ ಆ ಮತವನ್ನು ಹಿಂಪಡೆದು ಖುದ್ದು ಮತ ಹಾಕಲು ಅವಕಾಶವಿದೆ, ಅದಕ್ಕೆ ಗಡುವು ಇರುವುದರಿಂದ ತಡಮಾಡಬೇಡಿ. ಮತಗಟ್ಟೆಯ ಮೆಟ್ಟಿಲು ಹತ್ತಲಾರದವರಿಗೆ ಕಾರಿನ ಬಳಿಗೇ ಬ್ಯಾಲೆಟ್ ತಂದುಕೊಡುತ್ತಾರೆ. ಇಂಗ್ಲಿಷ್ ಓದಲಾಗದವರು ತಮಗೆ ಬೇಕಾದವರ ನೆರವು ಪಡೆಯಬಹುದು ಅಂತ ಫೆಡರಲ್ ಕಾನೂನಿದೆ, ಕೆಲಸ ಕೊಟ್ಟ ಮಾಲೀಕರು ಮತ್ತು ಯೂನಿಯನ್‌ನವರು ಮಾತ್ರ ಆಗುವಂತಿಲ್ಲ. ನೀವೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಓದಿಹೇಳಿ. ತೋರಿಸಬೇಡಿ, ಓದಿ ಅಷ್ಟೇ.

ದೂರು ಕೊಡುವುದಾದರೆ ರಾಜ್ಯದ ಚುನಾವಣಾ ಜಾರಿ ಆಯೋಗಕ್ಕೆ. ದಿನಾಂಕ, ಹೊತ್ತು, ಆಕೆ ಹೇಳಿದ ಹೆಸರು, ಅಮ್ಮ ನೆನಪಿಟ್ಟುಕೊಂಡಿರುವುದನ್ನೆಲ್ಲ ಈಗಲೇ ಬರೆದಿಡಿ. ಆ ಹುಡುಗಿ ಹೊಟ್ಟೆಪಾಡಿನವಳೇ ಇರಬಹುದು. ಅವಳನ್ನು ಕಳಿಸಿದವರು ಹಸಿದವರಲ್ಲ.

ಪ್ರಶ್ನೆ (ಮೊದಲಿನವರು):
ಫೋನ್ ಮಾಡಿದೆ ಮೇಡಂ. ಅರ್ಜಿ ಮೇಲೆ ಸಹಾಯಕರ ಜಾಗ ಖಾಲಿ. ಅಮ್ಮನ ಕವರ್ ಕಚೇರಿಗೆ ಬಂದೇ ಇಲ್ಲ, ಒಯ್ದು 11 ದಿನ ಆಯ್ತು. ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಂಗಳವಾರ ಎಷ್ಟು ಗಂಟೆಗೆ ಬರ್ತೀಯಾ?" ಅಂದರು.