ಹರಕೆ ಹೊತ್ತ ಹಕ್ಕಿಯನ್ನು ಅರಣ್ಯ ಇಲಾಖೆಗೆ ಕೊಟ್ಟರೆ ಹರಕೆ ಮುರಿಯುತ್ತಾ?

ಎಡದಂಡೆ ರೈತ, ಕಾರಟಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಬೇಗ ಉತ್ತರ ಬೇಕಿತ್ತು.

ನಿನ್ನೆ ಸಂಜೆ ಭತ್ತದ ಗದ್ದೆ ನೋಡಿಕೊಂಡು ಬರುವಾಗ ಕಾಲುವೆ ದಂಡೆ ರಸ್ತೆಯಲ್ಲಿ ಒಂದು ನೀಲಕಂಠ ಬಿದ್ದಿತ್ತು. ಮುಂದೆ ಹೋದ ಗಾಡಿಗೆ ಬಡಿದಿರಬೇಕು. ಎಡ ರೆಕ್ಕೆ ಜೋತು ಬಿದ್ದಿದೆ. ಕೂತಿದ್ದಾಗ ಮಣ್ಣಿನ ಬಣ್ಣದ್ದು ಅನಿಸುತ್ತಿತ್ತು. ಎತ್ತಿಕೊಳ್ಳಲು ಹೋದಾಗ ಬಲ ರೆಕ್ಕೆ ಬಿಚ್ಚಿತು ನೋಡಿ, ಆ ನೀಲಿ ಇನ್ನೂ ಕಣ್ಣಲ್ಲೇ ಇದೆ. ನನ್ನ ಹೆಬ್ಬೆರಳು ಕಚ್ಚಿ ಹಿಡಿದು ಬಿಡಲೇ ಇಲ್ಲ. ಟವೆಲಿನಲ್ಲಿ ಸುತ್ತಿ ಮನೆಗೆ ತಂದು ಒಂದು ಡಬ್ಬದಲ್ಲಿ ಇಟ್ಟೆ.

ನವರಾತ್ರಿ ಅಲ್ವಾ, ಮನೆಯಲ್ಲಿ ಘಟ್ಟ ಹಾಕಿದ್ದೇವೆ, ನಂದಾದೀಪ ಉರಿಯುತ್ತಿದೆ. ಅವ್ವ ನೋಡಿದ ಕೂಡಲೇ ಕೈ ಮುಗಿದಳು. "ಶಿವನ ಹಕ್ಕಿ, ದಸರಿಯಾಗ ಮನಿಗೆ ಬಂದೈತಿ. ಇದು ಹಾರಿದ್ರ ಹುಲಿಗೆಮ್ಮಗ ಉಡಿ ತುಂಬ್ತೀನಿ" ಅಂತ ಹರಕೆ ಹೊತ್ತಳು. ಡಬ್ಬವನ್ನು ದೇವರ ಮನೆಯಲ್ಲೇ ಇಡಬೇಕಂತೆ.

ಬೆಳಗ್ಗೆಯಿಂದ ಓಣಿಯವರೆಲ್ಲ ಬಂದು ನೋಡುತ್ತಿದ್ದಾರೆ. ವಿಜಯದಶಮಿ ದಿನ ನೀಲಕಂಠ ನೋಡಿದರೆ ಒಳ್ಳೆಯದು, ಬನ್ನಿ ಕೊಡಲು ಬಂದಾಗ ಮಕ್ಕಳಿಗೂ ತೋರಿಸುತ್ತೇವೆ ಅನ್ನುತ್ತಾರೆ. ಒಬ್ಬರು ಗರಿ ಕೇಳಿದರು. ಮೇವಿನಲ್ಲಿ ಹಾಕಿದರೆ ಆಕಳು ಹಾಲು ಜಾಸ್ತಿ ಕೊಡುತ್ತಂತೆ. ನಾನು ಕೊಟ್ಟಿಲ್ಲ.

ಕಾಡು ಹಕ್ಕಿ ಮನೆಯಲ್ಲಿ ಇಟ್ಟುಕೊಳ್ಳಬಾರದು, ಅರಣ್ಯ ಇಲಾಖೆಗೆ ತಿಳಿಸು ಅಂತ ಗೆಳೆಯ ಹೇಳುತ್ತಿದ್ದಾನೆ. ಅವ್ವ ಒಪ್ಪುತ್ತಿಲ್ಲ. "ಹರಕಿ ಹೊತ್ತಾಕಿ ನಾನು, ನಾನೇ ನೋಡ್ಕೋಬೇಕು" ಅನ್ನುತ್ತಾಳೆ.

ಇನ್ನೊಂದು ಮಾತು ಹೇಳಲೇಬೇಕು. ಅಪ್ಪ ಹಾಸಿಗೆ ಹಿಡಿದಾಗಲೂ ಅವ್ವ ಇದೇ ತಾಯಿಗೆ ಹರಕೆ ಹೊತ್ತಿದ್ದಳು. ಅಪ್ಪ ಉಳಿಯಲಿಲ್ಲ. ಆಮೇಲೆ ಅವ್ವ ಆ ತಾಯಿಯ ಗುಡಿ ಇರುವ ಹುಲಿಗಿ ಕಡೆ ತಲೆ ಹಾಕಿಲ್ಲ. ಈಗ ಮತ್ತೆ ಬಾಯಲ್ಲಿ ಆ ಹೆಸರು ಬಂದಿದೆ. ಹಕ್ಕಿ ಸತ್ತರೆ ಏನಾಗುತ್ತೋ ಅನ್ನುವ ಭಯ ನನಗೆ. ರಾತ್ರಿ ಡಬ್ಬದ ಪಕ್ಕ ಕೂತು ನಾನೂ ಬೇಡಿಕೊಂಡೆ.

ಹಕ್ಕಿಯನ್ನು ಕೊಟ್ಟರೆ ಹರಕೆ ಮುರಿದಂತೆಯಾ? ತಿಳಿದವರು ಹೇಳಿ.

ನಿವೃತ್ತ ಸಿಂಧನೂರು

ತಮ್ಮಾ, ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹರಕೆ ವಿಷಯ ಆಮೇಲೆ. ಮೊದಲು ಡಬ್ಬವನ್ನು ದೇವರ ಮನೆಯಿಂದ ಹೊರಗೆ ತೆಗಿ. ದೀಪದ ಹೊಗೆ, ಊದುಬತ್ತಿ, ಲೋಬಾನ ಯಾವುದೂ ಹಕ್ಕಿಗೆ ಆಗಲ್ಲ. ಅದರ ಉಸಿರಾಟ ನಮ್ಮದಕ್ಕಿಂತ ಬಹಳ ಸೂಕ್ಷ್ಮ.

ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಒಳಗೆ ಹಳೇ ಬಟ್ಟೆ ಹಾಸಿ, ಮುಚ್ಚಿ, ಕತ್ತಲೆ ಕೋಣೆಯಲ್ಲಿ ಇಡು. ಬೆಕ್ಕು ಬರದಂತೆ ಬಾಗಿಲು ಹಾಕು. ಹಾಲು, ಅನ್ನ, ಬಾಳೆಹಣ್ಣು ಬೇಡ. ನೀಲಕಂಠ ಮಿಡತೆ, ಜೀರುಂಡೆ, ಓತಿಕ್ಯಾತ ಹಿಡಿದು ತಿನ್ನುವ ಹಕ್ಕಿ. ತೀರ್ಥ ಅಂತ ಕೊಕ್ಕಿಗೆ ನೀರು ಬಿಡುವುದೂ ಬೇಡ. ಉಸಿರಿನ ನಾಳದ ಬಾಯಿ ನಾಲಿಗೆ ಬುಡದಲ್ಲೇ ಇರುತ್ತೆ, ಒಂದೆರಡು ಹನಿ ಒಳಗೆ ಹೋದರೂ ಕಷ್ಟ. ಗಾಯಕ್ಕೆ ಅರಿಶಿನ, ಎಣ್ಣೆ ಹಚ್ಚಬೇಡ, ಗರಿ ಅಂಟಿಕೊಳ್ಳುತ್ತೆ.

ಜನ ನೋಡಲು ಬಂದಾಗ ಸುಮ್ನೆ ಕೂತಿರುತ್ತೆ ಅಲ್ವಾ? ಅದು ಶಾಂತವಾಗಿದೆ ಅಂದುಕೊಳ್ಳಬೇಡಿ, ಹೆದರಿ ಗಟ್ಟಿಯಾಗಿರುತ್ತೆ. ಎಷ್ಟೋ ಹಕ್ಕಿಗಳು ಗಾಯಕ್ಕಿಂತ ಈ ಹೆದರಿಕೆಯಲ್ಲೇ ಸಾಯುತ್ತವೆ. ಓಣಿಯವರಿಗೆ ಖಂಡಿತವಾಗಿ ಬೇಡ ಅನ್ನು. ಗರಿಯಿಂದ ಹಾಲು ಹೆಚ್ಚಾಗಲ್ಲ, ಮೇವು, ಹಿಂಡಿ, ನೀರಿನಿಂದ ಹೆಚ್ಚಾಗುತ್ತೆ.

ಹಕ್ಕಿಯ ಮೂಳೆ ನಮ್ಮದಕ್ಕಿಂತ ಬೇಗ ಕೂಡುತ್ತೆ. ಸೊಟ್ಟ ಕೂಡಿದರೆ ಮತ್ತೆ ಹಾರಲ್ಲ. ಅದಕ್ಕೇ ತಡ ಮಾಡಬೇಡ. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡು, ಹತ್ತಿರದ ಪಶು ಆಸ್ಪತ್ರೆಗೆ ತೋರಿಸು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇಂಥ ಹಕ್ಕಿಯನ್ನು ಸಾಕುವಂತಿಲ್ಲ. ನಮ್ಮ ರಾಜ್ಯದ ಪಕ್ಷಿ ಬೇರೆ ಅದು.

ಓದುಗ, ಬಳ್ಳಾರಿ

ಹರಕೆ, ಪೂಜೆ ಎಲ್ಲಾ ಬಿಡಿ ಸರ್. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಅಷ್ಟೇ ಸಾಕು.

ನಿವೃತ್ತ ಸಿಂಧನೂರು

ಅದನ್ನೇಕೆ ಬಿಡಬೇಕು? ನೌಕರಿ ಮುಗಿಯುವವರೆಗೂ "ಶಿವಾ" ಅನ್ನದೆ ನಾನು ಒಂದು ದನಕ್ಕೂ ಸೂಜಿ ಚುಚ್ಚಿಲ್ಲ. ಔಷಧ ಸರಿಯಾಗಿ ಕೊಡಬೇಕು, ಬೇಡಿಕೊಳ್ಳಲೂ ಬೇಕು. ಒಂದರ ಜಾಗಕ್ಕೆ ಇನ್ನೊಂದು ಬರಬಾರದು, ಅಷ್ಟೇ.

ಗವಿಮಠ ಓಣಿ, ಕೊಪ್ಪಳ

ಅಣ್ಣಾ, ನಿಮ್ಮ ಅವ್ವ ಏನಂತ ಹರಕೆ ಹೊತ್ತಿದ್ದಾರೆ, ಇನ್ನೊಮ್ಮೆ ನೋಡಿ. "ಹಾರಿದ್ರ" ಅಂದಿದ್ದಾರೆ. ನಮ್ಮ ಮನೆಯಿಂದಲೇ ಹಾರಬೇಕು ಅಂದಿಲ್ಲ. ನನ್ನ ಮಗನಿಗೆ ಜ್ವರ ನೆತ್ತಿಗೇರಿದಾಗ ನಾನೂ ಹುಲಿಗೆಮ್ಮಗೆ ಹರಕೆ ಹೊತ್ತೆ. ಹೊತ್ತು ಮನೆಯಲ್ಲಿ ಕೂರಲಿಲ್ಲ, ಆಸ್ಪತ್ರೆಗೆ ಸೇರಿಸಿದೆ. ಅವನು ಹುಷಾರಾದ ಮೇಲೆ ಹುಣ್ಣಿಮೆಗೆ ಹೋಗಿ ಉಡಿ ತುಂಬಿ ಬಂದೆ. ಡಾಕ್ಟರ್ ನೋಡಿದ್ದಕ್ಕೆ ತಾಯಿ ಸಿಟ್ಟಾಗಲಿಲ್ಲ.

ನಿಮ್ಮ ಅವ್ವನನ್ನು ಹಕ್ಕಿಯಿಂದ ದೂರ ಇಟ್ಟು ನೀವೊಬ್ಬರೇ ಕೊಟ್ಟು ಬರಬೇಡಿ. ಅವರನ್ನೂ ಕರೆದುಕೊಂಡು ಹೋಗಿ. ಅವರ ಕೈಯಿಂದಲೇ ಕೊಡಿಸಿ.

ಅಪ್ಪನ ವಿಷಯ ಬರೆದಿದ್ದೀರಿ, ಓದಿ ಹೊಟ್ಟೆ ಚುರ್ ಅಂದಿತು. ನಮ್ಮ ಪಂಪಾ ಸರೋವರದ ಕಡೆ ರಾಮ ಬಂದದ್ದು ಜಟಾಯುವಿನ ಸಂಸ್ಕಾರ ಮುಗಿಸಿದ ಮೇಲೆ. ದೇವರ ಕೈಯಲ್ಲಿದ್ದೂ ಆ ಹಕ್ಕಿ ಉಳಿಯಲಿಲ್ಲ. ರಾಮ ಅದನ್ನು ಬಿಟ್ಟೂ ಹೋಗಲಿಲ್ಲ, ಹೆತ್ತ ತಂದೆಗೆ ಮಾಡುವುದನ್ನೆಲ್ಲ ಮಾಡಿದ. ಇದನ್ನು ಈಗಲೇ ಅವ್ವನಿಗೆ ಹೇಳಬೇಡಿ. ಹಕ್ಕಿ ಬದುಕಿರುವಾಗ ಸಾವಿನ ಮಾತು ಯಾಕೆ? ಹೋಗಿಬಿಟ್ಟರೆ ಆಗ ಪಕ್ಕದಲ್ಲಿ ಕೂತು ಹೇಳಿ.

ರಾಯಚೂರಿನವನು

ಭಾಯಿ, ಬೇಸಿಗೆಯಲ್ಲಿ ನಮ್ಮ ಮಾಳಿಗೆ ಮೇಲೆ ಒಂದು ಹದ್ದು ಬಿಸಿಲಿಗೆ ಬಿದ್ದಿತ್ತು. ರಾಯಚೂರಿನ ಬಿಸಿಲು ನಿಮಗೆ ಗೊತ್ತಲ್ಲ. ಅಮ್ಮಿ ದುವಾ ಓದಿ ಅದರ ಮೇಲೆ ಊದಬೇಕು ಅಂತ ಹತ್ತಿರ ಹೋಗುತ್ತಿದ್ದರು. ಮುಖ ಕಂಡರೆ ಸಾಕು, ಅದು ಒದ್ದಾಡುತ್ತಿತ್ತು. ಆಮೇಲೆ ಬಾಗಿಲ ಆಚೆ ಚಾಪೆ ಹಾಕಿಕೊಂಡು ಓದಿದರು. ದೂರದಿಂದ ಮಾಡಿದ ದುವಾ ಕೂಡ ತಲುಪುತ್ತೆ ಭಾಯಿ. ನಿಮ್ಮ ಅಮ್ಮನಿಗೂ ಹಾಗೇ ಹೇಳಿ.

ಆ ಹದ್ದು ಬೆಳಗಿನ ನಮಾಜಿನ ಹೊತ್ತಿಗೆ ಸತ್ತಿತ್ತು. ಅಮ್ಮಿ ಅತ್ತರು. ಅವತ್ತೇ ಮಾಳಿಗೆ ಮೇಲೆ ಮಣ್ಣಿನ ಪರಾತ ಇಟ್ಟು ನೀರು ತುಂಬಿದರು, ಇನ್ನೂ ತುಂಬುತ್ತಾರೆ.

ಎಡದಂಡೆ ರೈತ, ಕಾರಟಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ನೀವು ಬರೆದ ಹರಕೆಯ ಮಾತು ಅವ್ವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಡಿ, ನಾನೂ ಬರ್ತೀನಿ" ಅಂದಳು.

ಗಂಗಾವತಿಗೆ ಹೋದೆವು. ದಾರಿಯುದ್ದಕ್ಕೂ ಡಬ್ಬ ಅವ್ವನ ತೊಡೆ ಮೇಲೆ. ಆಟೋದವನು ದೇವಿ ಹಾಡು ಹಚ್ಚಿದ್ದ, ಅದನ್ನೂ ಬಂದ್ ಮಾಡಿಸಿದಳು. ಡಾಕ್ಟರ್ ನೋಡಿ ಮೂಳೆ ಮುರಿದಿದೆ, ಚರ್ಮ ಹರಿದಿಲ್ಲ ಅಂದರು. ರೆಕ್ಕೆಯನ್ನು ಮೈಗೆ ಸೇರಿಸಿ ಪಟ್ಟಿ ಕಟ್ಟಿದರು. ಹಾರುತ್ತೆ ಅಂತ ಗ್ಯಾರಂಟಿ ಕೊಡಲಿಲ್ಲ. ಅರಣ್ಯ ಇಲಾಖೆಯವರು ಅಲ್ಲಿಗೇ ಬಂದು ತೆಗೆದುಕೊಂಡು ಹೋದರು. ಕೊಡುವಾಗ ಅವ್ವ ಅವರಿಗೆ, "ಮಿಡತಿ ತಿಂತೈತಿ, ಅನ್ನ ಹಾಕಬ್ಯಾಡ್ರಿ. ಬಾಯಾಗ ನೀರು ಬಿಡಬ್ಯಾಡ್ರಿ" ಅಂತ ಎರಡೆರಡು ಸಲ ಹೇಳಿದಳು.

ಓಣಿಯ ಮಕ್ಕಳಿಗೆ ಹಬ್ಬದ ದಿನ ಬೆಳಗ್ಗೆ ಕಾಲುವೆ ಕಡೆ ಬರಲು ಹೇಳಿದ್ದೇನೆ. ಅಲ್ಲಿ ಕರೆಂಟ್ ತಂತಿ ಮೇಲೆ ನೀಲಕಂಠ ಕೂತೇ ಇರುತ್ತವೆ. ದೂರದಿಂದ ನೋಡಿ ಕೈ ಮುಗಿಯಲಿ.

ಸೀಗಿ ಹುಣ್ಣಿಮೆಗೆ ನಮ್ಮಲ್ಲಿ ಹೊಲದ ಪೂಜೆ ಇರುತ್ತೆ. ಅದಕ್ಕೆ ಅದು ಮುಗಿದ ಮೇಲಿನ ಮಂಗಳವಾರ ಅವ್ವ ಹುಲಿಗಿಗೆ ಹೊರಟಿದ್ದಾಳೆ. "ಉಡಿ ತುಂಬೂದು ಹಕ್ಕಿ ಹಾರಿದ ಮ್ಯಾಲೆ. ಈಗ ಬರೇ ಹೋಗಿ ಮುಖ ನೋಡಿ ಬರ್ತೀನಿ" ಅನ್ನುತ್ತಾಳೆ. ಕಾರಟಗಿಯಿಂದ ಆ ಕಡೆ ಬೆಳಗ್ಗೆ ಮೊದಲ ಬಸ್ಸು ಎಷ್ಟು ಗಂಟೆಗೆ, ಗೊತ್ತಿದ್ದವರು ಹೇಳಿ.